ಆತಕೂರಿನ ಕಾಳಿ ಮ್ಯೂಸಿಯಂ ಸೇರಿದ ಕತೆ

ಹತ್ತನೆಯ ಶತಮಾನದ ನಡುಭಾಗದಲ್ಲಿ ತಕ್ಕೋಲ ಎಂಬಲ್ಲಿ ದೊಡ್ಡ ಯುದ್ಧವೊಂದು ನಡೆಯಿತು. ಒಂದು ಕಡೆ ರಾಷ್ಟ್ರಕೂಟರು ಮತ್ತು ಅವರ ನೆಂಟರಾದ ತಲಕಾಡಿನ ಗಂಗರು, ಇನ್ನೊಂದು ಕಡೆ ಚೋಳರು. ಆ ಯುದ್ಧದಲ್ಲಿ ಸತ್ತ ಕಾಲಾಳುಗಳಲ್ಲಿ ಹೆಚ್ಚಿನವರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ. ಆದರೆ ಅದೇ ಯುದ್ಧದ ನೆನಪಿಗೆ ಅಂಟಿಕೊಂಡು ಒಂದು ನಾಯಿಯ ಹೆಸರು ಉಳಿದಿದೆ. ಅದರ ಹೆಸರು ಕಾಳಿ. ಅದು ಯುದ್ಧಭೂಮಿಯಲ್ಲಿ ಸಾಯಲಿಲ್ಲ. ಈಗಿನ ಮಂಡ್ಯ ಜಿಲ್ಲೆಯ ಒಂದು ಮೊರಡಿಯ ಮೇಲೆ ಕಾಡುಹಂದಿಯೊಂದಿಗೆ ಸೆಣಸಿ ಸತ್ತಿತು. ಅದರ ಒಡೆಯ ಮದ್ದೂರು ಸೀಮೆಯ ಆತಕೂರಿನ ಶಿವಾಲಯದ ಎದುರಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಗದ್ದೆ ಬಿಟ್ಟ.

ಆ ಕಲ್ಲು ಈಗ ಆತಕೂರಿನಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆಸ್ತಿಯಾಗಿತ್ತು. ಮೈಸೂರು ಸಂಸ್ಥಾನದ ಹಳ್ಳಿಗಳಿಂದ ಹಾಗೆ ಬೆಂಗಳೂರು ಸೇರಿದ ಕಲ್ಲುಗಳು ಇನ್ನೂ ಕೆಲವಿವೆ. ಬೇಗೂರಿನ ವೀರಗಲ್ಲು, ತಿರುಮಕೂಡಲು ನರಸೀಪುರದ ಕಡೆಯ ದೊಡ್ಡಹುಂಡಿಯ ಕಲ್ಲು ಅವುಗಳಲ್ಲಿ ಹೆಸರಾದವು. ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗ ದೊರೆ ನೀತಿಮಾರ್ಗ ಮರಣಶಯ್ಯೆಯಲ್ಲಿ ಮಲಗಿದ್ದಾನೆ. ಬೇಗೂರಿನ ಕಲ್ಲಿನಲ್ಲಿ ಆನೆ, ಕುದುರೆ, ಬಿಲ್ಲಾಳುಗಳ ಗದ್ದಲವೇ ಗದ್ದಲ. ಇವೆರಡರ ಪಕ್ಕದಲ್ಲಿ ಆತಕೂರಿನ ಕಲ್ಲಿನ ಚಿತ್ರ ಬಲು ಸರಳ. ಮೇಲುಭಾಗದಲ್ಲಿ ಒಂದು ನಾಯಿ, ಒಂದು ಹಂದಿ. ಎರಡೂ ಒಂದರ ಮೇಲೊಂದು ಬಿದ್ದು ಕಾದುತ್ತಿವೆ. ಉಳಿದದ್ದೆಲ್ಲ ಬರವಣಿಗೆ.

ಕಲ್ಲು ಹೇಳುವುದೇನು?

ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಕ್ರಿಸ್ತಶಕದ ಲೆಕ್ಕದಲ್ಲಿ 949-50. ಭಾಷೆ ಹಳಗನ್ನಡ. ನಾಯಿಯ ಕಲ್ಲಾದರೂ ಬರಹ ಆರಂಭವಾಗುವುದು ಚಕ್ರವರ್ತಿಯಿಂದ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಶಾಸನದ ಮಾತಿನಲ್ಲಿ ಕನ್ನರದೇವ, ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಕಾದಿದ. ರಾಜಾದಿತ್ಯ ಚೋಳ ದೊರೆ ಮೊದಲನೆಯ ಪರಾಂತಕನ ಮಗ. ತಕ್ಕೋಲ ಈಗಿನ ತಮಿಳುನಾಡಿನಲ್ಲಿ, ಅರಕ್ಕೋಣಂ ಹತ್ತಿರ ಇದೆ. ಆ ಯುದ್ಧದಲ್ಲಿ ರಾಜಾದಿತ್ಯನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಈತ ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಮೆಚ್ಚಿದ ಕೃಷ್ಣ ಈ ಭಾವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ಕೊಟ್ಟ. ಈ ಸಂಖ್ಯೆಗಳು ಅಂದಿನ ಆಡಳಿತ ವಿಭಾಗಗಳ ಗುರುತು. ಪುರಿಗೆರೆ ಎಂದರೆ ಗದಗ ಜಿಲ್ಲೆಯ ಈಗಿನ ಲಕ್ಷ್ಮೇಶ್ವರ. ಅಂದರೆ ಕಾವೇರಿ ದಂಡೆಯ ದೊರೆಗೆ ಮಲಪ್ರಭೆಯವರೆಗಿನ ನಾಡು ಒಂದೇ ಯುದ್ಧದಿಂದ ಕೈಸೇರಿತು.

ಇದಿಷ್ಟೂ ಮೇಲುಮಟ್ಟದ ರಾಜಕೀಯ. ಇದರ ಕೆಳಗೆ ಇನ್ನೊಂದು ಮೆಟ್ಟಿಲಿದೆ. ಬೂತುಗನ ಬಂಟ ಮಣಲೇರ. ಸಗರ ವಂಶದವನೆಂದೂ ವಲಭಿಪುರದ ಒಡೆಯನೆಂದೂ ಬಿರುದು ಹೇಳಿಕೊಂಡವನು. ವಲಭಿ ಇರುವುದು ಗುಜರಾತಿನಲ್ಲಿ. ಮದ್ದೂರಿನ ಮಗ್ಗುಲಲ್ಲಿ ಹನ್ನೆರಡು ಹಳ್ಳಿ ಆಳುವವನಿಗೆ ಗುಜರಾತಿನ ಬಿರುದೇಕೆ ಎಂದು ಇಂದು ನಗು ಬಂದೀತು. ಆದರೆ ಮನೆತನದ ಹಿರಿಮೆಗಾಗಿ ದೂರದ ಊರಿನ ಹೆಸರು ಹೊತ್ತು ತಿರುಗುವುದು ಆ ಕಾಲದ ಸಾಮಂತರಿಗೆ ಸಾಮಾನ್ಯವಾಗಿತ್ತು. ಯುದ್ಧದಲ್ಲಿ ಮುಂದೆ ನಿಂತು ಕಾದಿದ ಮಣಲೇರನಿಗೆ ಬೂತುಗ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ 'ಬಾಳ್ಗಚ್ಚು'ವಾಗಿ ಕೊಟ್ಟ. ಬಾಳ್ ಎಂದರೆ ಕತ್ತಿ. ಕರ್ಚು, ಕಚ್ಚು ಎಂದರೆ ತೊಳೆ. ಕತ್ತಿಗಂಟಿದ ನೆತ್ತರನ್ನು ತೊಳೆದು ಕೊಡುವ ಭೂಮಿ ಎಂಬ ಅರ್ಥ ಈ ಒಂದು ಪದದಲ್ಲಿ ಅಡಗಿದೆ. ನೆತ್ತರುಗೊಡಗೆ ಸತ್ತವನ ಮನೆಗೆ ಹೋಗುವ ದತ್ತಿ. ಬಾಳ್ಗಚ್ಚು ಬದುಕಿ ಬಂದವನಿಗೆ ಸಲ್ಲುವ ದತ್ತಿ.

ಮೆಚ್ಚಿದೆ, ಬೇಕಾದ್ದನ್ನು ಕೇಳು ಎಂದು ಒಡೆಯ ಹೇಳಿದಾಗ ಮಣಲೇರ ಚಿನ್ನ ಕೇಳಲಿಲ್ಲ, ಕುದುರೆ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ದಯಪಾಲಿಸಬೇಕೆಂದು ಕೇಳಿ ಪಡೆದುಕೊಂಡ. ಬೇಟೆಯ ನಾಯಿಗೆ ಅಂದು ಎಷ್ಟು ಬೆಲೆ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆಮೇಲಿನದು ಮಂಡ್ಯ ಸೀಮೆಯ ಕತೆ. ಕೆಲಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡದೊಂದು ಹಂದಿ ಕಾಣಿಸಿತು. ಕಾಳಿಯನ್ನು ಅದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಶಾಸನಕಾರ ಇದನ್ನು ಎರಡು ಮಾತಿನಲ್ಲಿ ಮುಗಿಸುತ್ತಾನೆ. ಗೋಳಿಲ್ಲ, ಅಲಂಕಾರವಿಲ್ಲ. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಡೆಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ದತ್ತಿ ಬಿಟ್ಟದ್ದನ್ನು ಹೇಳುತ್ತಾನೆ. ಕಂಡುಗ ಎಂಬುದು ಬೀಜದ ಅಳತೆಯಿಂದ ಹುಟ್ಟಿದ ಭೂಮಿಯ ಅಳತೆ. ಇಷ್ಟು ಬೀಜ ಬಿತ್ತುವಷ್ಟು ಗದ್ದೆ ಎಂದು ಲೆಕ್ಕ. ಮಂಡ್ಯದ ಹಳೆಯ ಬೇಸಾಯಗಾರರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮೊರಡಿ ಎಂಬ ಪದವೂ ಸತ್ತಿಲ್ಲ. ಮರಡಿ ಎಂಬ ಹೆಸರಿನ ಊರು, ಗುಡ್ಡಗಳು ನಾಡಿನಲ್ಲಿ ಬೇಕಾದಷ್ಟಿವೆ.

ಪೂಜಿಸದೆ ಉಂಡರೆ...

ದತ್ತಿ ಶಾಸನಗಳ ಕೊನೆಯಲ್ಲಿ ಶಾಪದ ಮಾತು ಬರುವುದು ವಾಡಿಕೆ. ಈ ದತ್ತಿಯನ್ನು ಅಳಿದವನಿಗೆ ಕಾಶಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಎಂಬ ಬಗೆಯ ಸಿದ್ಧಮಾತುಗಳು ಸಾವಿರಾರು ಕಲ್ಲುಗಳಲ್ಲಿವೆ. ಆತಕೂರಿನ ಕಲ್ಲು ಇಲ್ಲೂ ತನ್ನದೇ ದಾರಿ ಹಿಡಿಯುತ್ತದೆ. ಈ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡನಾದರೆ ನಾಯಿ ಮಾಡಿದ ಪಾಪ ಅವನ ಪಾಲಿಗೆ ಬರಲಿ ಎನ್ನುತ್ತದೆ. ಗೊರವ ಎಂದರೆ ಅಂದಿನ ಶೈವ ಪೂಜಾರಿ. ಹಳೆಯ ಮೈಸೂರಿನ ಕಡೆ ಕರಡಿ ತೊಗಲಿನ ಟೋಪಿ ತೊಟ್ಟು ಡಮರು ನುಡಿಸುತ್ತ ಕುಣಿಯುವ ಗೊರವರನ್ನು ಕಂಡವರಿಗೆ ಪದ ಹೊಸತಲ್ಲ.

ಮನುಷ್ಯ ವೀರರಿಗೆ ಕಲ್ಲು ನಿಲ್ಲಿಸುವುದು ಕನ್ನಡನಾಡಿನ ಊರೂರಿನಲ್ಲೂ ಇತ್ತು. ತುರು ಕದ್ದೊಯ್ದವರನ್ನು ಅಡ್ಡಗಟ್ಟಿ ಸತ್ತವನಿಗೆ, ಊರಳಿವಿನಲ್ಲಿ ಹೆಂಗಸರ ಮಾನ ಕಾಯಲು ಹೋಗಿ ಸತ್ತವನಿಗೆ, ಹುಲಿಯನ್ನು ಇರಿದು ತಾನೂ ಸತ್ತವನಿಗೆ ಕಲ್ಲುಗಳಿವೆ. ಆತಕೂರಿನಲ್ಲಿ ಅದೇ ಗೌರವ ನಾಯಿಗೆ ಸಂದಿದೆ. ನಾಯಿಗೆ ಕಲ್ಲು ನಿಲ್ಲಿಸಿದ್ದು ಇದೇ ಮೊದಲೇನಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೆಯ ಶತಮಾನದ ಕಲ್ಲೊಂದಿದೆ. ಸತ್ತ ಯಜಮಾನನ ಪಕ್ಕದಲ್ಲಿ ನಿಂತು ಕಳ್ಳರಿಬ್ಬರನ್ನು ಕಚ್ಚಿದ ನಾಯಿ ಅದರಲ್ಲಿದೆ. ಹೆಸರು ಕೋವಿವನ್. ಆದರೆ ಅದು ಯಜಮಾನನ ಕಲ್ಲು, ನಾಯಿ ಅವನ ಜೊತೆಗಾರ. ಆತಕೂರಿನಲ್ಲಿ ಚಿತ್ರದ ಜಾಗವೆಲ್ಲ ಕಾಳಿಗೂ ಅದರ ಎದುರಾಳಿಗೂ ಸೇರಿದ್ದು. ಮಣಲೇರ ಬರಹದಲ್ಲಿ ಮಾತ್ರ ಇದ್ದಾನೆ.

ಒಂದು ಪದ, ಒಂದು ಕಳಂಕ

ಮ್ಯೂಸಿಯಂ ಎಂದರೆ ಹಳೆಯ ಸಾಮಾನು ಇಡುವ ಕೋಣೆ ಎಂದು ತಿಳಿದವರು ಬಹಳ. ಅಲ್ಲಿ ನಡೆಯುವ ಓದಿನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಆತಕೂರಿನ ಕಲ್ಲು ಅದಕ್ಕೆ ಒಳ್ಳೆಯ ಉದಾಹರಣೆ.

ಈ ಶಾಸನವನ್ನು ವಿದ್ವತ್ ಲೋಕಕ್ಕೆ ವಿವರವಾಗಿ ಪರಿಚಯಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿ, ಕನ್ನಡ ಬಲ್ಲವನು, ಕನ್ನಡ ಶಾಸನಗಳಿಗೆ ಆತ ಮಾಡಿದ ಉಪಕಾರ ಸಣ್ಣದಲ್ಲ. 1890ರ ದಶಕದಲ್ಲಿ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಇದನ್ನು ಪ್ರಕಟಿಸಿದಾಗ ಬೂತುಗ ರಾಜಾದಿತ್ಯನನ್ನು ಮೋಸದಿಂದ ಕೊಂದನೆಂಬ ಅರ್ಥ ಹೊರಟಿತು. ಗಂಗ ದೊರೆ ವಿಶ್ವಾಸಘಾತುಕನೆಂದು ಇತಿಹಾಸದಲ್ಲಿ ಬರೆದುಹೋಯಿತು.

ತೊಡಕು ಇದ್ದದ್ದು ಕಳ ಎಂಬ ಪದದಲ್ಲಿ. ಹಳಗನ್ನಡದಲ್ಲಿ ಕಳ ಎಂದರೆ ರಣರಂಗ. ಕಾಳಗ ನಡೆಯುವ ಜಾಗ. ಒಕ್ಕಣೆ ಮಾಡುವ ಕಣವನ್ನೂ ಹಾಗೆಯೇ ಕರೆಯುತ್ತಿದ್ದರು. ಅದರಲ್ಲಿ ಕಳ್ಳತನದ ಅರ್ಥ ಹುಡುಕಿದರೆ ಯುದ್ಧ ಮೋಸವಾಗುತ್ತದೆ. ಅದರ ಹಿಂದಿರುವ 'ಬಿಸುಗೆ' ಎಂಬ ಪದ ಇನ್ನೂ ಅಪರೂಪದ್ದು. ಆನೆಯ ಮೇಲಿನ ಪೀಠ, ಅಂಬಾರಿ ಎಂದು ಅದರ ಅರ್ಥ. ಎರಡನ್ನೂ ಸರಿಯಾಗಿ ಕೂಡಿಸಿದಾಗ ಮಾತು ತಿಳಿಯಾಯಿತು. ಆನೆಯ ಅಂಬಾರಿಯೇ ರಣರಂಗವಾಗಿರಲು ಬೂತುಗ ರಾಜಾದಿತ್ಯನೊಡನೆ ಕಾದಿ ಅವನನ್ನು ಕೊಂದ. ಮೋಸದ ಸೊಲ್ಲೇ ಅಲ್ಲಿಲ್ಲ.

ಇದಕ್ಕೆ ಸಾಕ್ಷಿ ಹೇಳಿದ್ದು ಶತ್ರುಪಕ್ಷದ ದಾಖಲೆ ಎಂಬುದು ಸ್ವಾರಸ್ಯ. ಡಚ್ಚರ ಕೈಸೇರಿ ಲೈಡನ್ ತಾಮ್ರಪಟಗಳೆಂದೇ ಹೆಸರಾದ ಚೋಳ ತಾಮ್ರಶಾಸನದಲ್ಲಿ ರಾಜಾದಿತ್ಯನ ಸಾವಿನ ವರ್ಣನೆಯಿದೆ. ಆನೆಯ ಬೆನ್ನ ಮೇಲೆ ಕುಳಿತಿದ್ದಾಗಲೇ ಕೃಷ್ಣನ ಕಡೆಯವರ ಬಾಣಗಳು ಎದೆಗೆ ನಾಟಿ ಆತ ವೀರಸ್ವರ್ಗ ಸೇರಿದ ಎಂದು ಚೋಳರೇ ಬರೆಸಿಕೊಂಡಿದ್ದಾರೆ. ಮೋಸ ನಡೆದಿದ್ದರೆ ಅದನ್ನು ಮುಚ್ಚಿಡಲು ಚೋಳರಿಗೆ ಯಾವ ಕಾರಣವೂ ಇರಲಿಲ್ಲ. ಹೀಗೆ ನಾಯಿಯ ಕಲ್ಲಿನ ಒಂದು ಪದವನ್ನು ಮತ್ತೆ ಮತ್ತೆ ಓದಿದ್ದರಿಂದ ಸಾವಿರ ವರ್ಷದ ಹಿಂದಿನ ದೊರೆಯೊಬ್ಬನ ಮೇಲಿನ ಕಳಂಕ ಕಳೆಯಿತು. ಓದುವವರು ಹತ್ತಿರ ಹೋಗಿ, ಬೆಳಕು ಹಾಯಿಸಿ, ಅಕ್ಷರ ತಡವಿ ನೋಡಲು ಕಲ್ಲು ಎಲ್ಲೋ ಒಂದು ಕಡೆ ಸುರಕ್ಷಿತವಾಗಿ ಉಳಿದಿರಬೇಕು. ಮ್ಯೂಸಿಯಂ ಪರವಾಗಿ ಹೇಳಬಹುದಾದ ಮೊದಲ ಮಾತು ಇದು.

ಹಾಗೆಂದು ಬೂತುಗನನ್ನು ಸಾಧುವೆಂದು ತಿಳಿಯಬೇಕಿಲ್ಲ. ಎರೆಯಪ್ಪನ ಮಗ ರಾಚಮಲ್ಲನೊಡನೆ ಕಾದಿ, ಅವನನ್ನು ಕೊಂದು ಗಂಗವಾಡಿ ತೊಂಬತ್ತಾರು ಸಾವಿರವನ್ನು ಆಳುತ್ತಿದ್ದನೆಂದು ಇದೇ ಕಲ್ಲು ಯಾವ ಮುಜುಗರವೂ ಇಲ್ಲದೆ ಹೇಳುತ್ತದೆ.

ತಮಾಷೆ ಬಂಗಲೆ

ಬೆಂಗಳೂರಿನ ಮ್ಯೂಸಿಯಂ ಆರಂಭವಾದದ್ದು 1865ರಲ್ಲಿ. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಎಲ್. ಬಿ. ಬೌರಿಂಗ್ ಚೀಫ್ ಕಮಿಷನರ್. ಮ್ಯೂಸಿಯಂ ಬೇಕೆಂದು ಮುಂದೆ ನಿಂತವನು ಎಡ್ವರ್ಡ್ ಬಾಲ್ಫರ್ ಎಂಬ ಸೇನಾ ವೈದ್ಯ. 1851ರಲ್ಲಿ ಮದರಾಸಿನ ಮ್ಯೂಸಿಯಂ ಹುಟ್ಟಿದ್ದೂ ಈತನ ಕೈಯಲ್ಲೇ. ಆ ಕಾಲದ ವೈದ್ಯರು ರೋಗಿಯ ನಾಡಿ ನೋಡುವುದರ ಜೊತೆಗೆ ಗಿಡ, ಹಕ್ಕಿ, ಕಲ್ಲು, ಮಣ್ಣು ಎಲ್ಲವನ್ನೂ ಕೂಡಿಡುತ್ತಿದ್ದರು. ಹಾಗಾಗಿ ಮೊದಮೊದಲ ಮ್ಯೂಸಿಯಂಗಳಲ್ಲಿ ಪ್ರಕೃತಿ ಬೇರೆ, ಸಂಸ್ಕೃತಿ ಬೇರೆ ಎಂಬ ಗೋಡೆ ಇರಲಿಲ್ಲ. ಒಂದೇ ಸೂರಿನ ಕೆಳಗೆ ಹುಲ್ಲು ತುಂಬಿದ ಪ್ರಾಣಿ, ಗಾಜಿನ ಪೆಟ್ಟಿಗೆಯಲ್ಲಿ ಅದಿರು, ಹಳೆಯ ನಾಣ್ಯ, ಮುರಿದ ವಿಗ್ರಹ. ಜನರಿಗೆ ಇದೆಲ್ಲ ಒಂದು ತಮಾಷೆ. 'ತಮಾಷೆ ಬಂಗಲೆ' ಎಂದೇ ಹೆಸರಾಯಿತು.

ಕಬ್ಬನ್ ಉದ್ಯಾನದ ಅಂಚಿನಲ್ಲಿ, ಈಗಿನ ಕಸ್ತೂರಬಾ ರಸ್ತೆಯಲ್ಲಿರುವ ಕೆಂಪು ಕಟ್ಟಡ 1877ರ ಹೊತ್ತಿನದು. ಅಠಾರಾ ಕಚೇರಿ ಕಟ್ಟಿಸಿದ, ಊರಿನ ಕೆರೆಗೆ ತನ್ನ ಹೆಸರು ಬಿಟ್ಟುಹೋದ ಸ್ಯಾಂಕಿ ಅದರ ವಿನ್ಯಾಸಕಾರ. ಅದಕ್ಕೂ ಮೊದಲು ಮ್ಯೂಸಿಯಂ ಇದ್ದ ಜಾಗದ ನೆನಪನ್ನು ಮ್ಯೂಸಿಯಂ ರಸ್ತೆ ಎಂಬ ಹೆಸರು ಇಂದಿಗೂ ಹೊತ್ತಿದೆ. ಹಳೇಬೀಡಿನ ಶಿಲ್ಪಗಳು, ಮೊಹೆಂಜೊದಾರೊದ ಮಡಕೆ ಚೂರುಗಳು, ಕೊಡಗಿನ ಆಯುಧಗಳು ಎಲ್ಲವೂ ಒಂದೊಂದಾಗಿ ಸಂಗ್ರಹಕ್ಕೆ ಬಂದವು. ಕಾಲ ಕಳೆದಂತೆ ಪುರಾತತ್ವ, ಕಲೆಗಳದೇ ಮೇಲುಗೈ ಆಯಿತು. ಪ್ರಕೃತಿಯ ಇತಿಹಾಸಕ್ಕೆಂದೇ ಮೈಸೂರಿನ ಕಾರಂಜಿ ಕೆರೆಯ ಬಳಿ ಕೇಂದ್ರ ಸರ್ಕಾರದ ಪ್ರತ್ಯೇಕ ಮ್ಯೂಸಿಯಂ ಆದದ್ದು 1995ರಲ್ಲಿ. ಹಳ್ಳಿಯವರ ನೇಗಿಲು, ಕಂಸಾಳೆ, ಬೊಂಬೆಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಅದಕ್ಕೂ ಮೊದಲೇ, 1968ರಲ್ಲಿ ಶುರುವಾಗಿತ್ತು. ಮಂಡ್ಯದವರೇ ಆದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು.

ಕೋಣೆಗಳು ಹೀಗೆ ಬೇರೆಯಾದವು. ಆದರೆ ಆತಕೂರಿನ ಕಲ್ಲನ್ನು ಯಾವ ಕೋಣೆಗೆ ಸೇರಿಸುವುದು? ಅದು ರಾಜಕೀಯ ದಾಖಲೆ. ಹಳಗನ್ನಡದ ಗದ್ಯಪದ್ಯದ ಮಾದರಿ. ಶಿಲ್ಪ. ಜೊತೆಗೆ ಹತ್ತನೆಯ ಶತಮಾನದಲ್ಲಿ ಮದ್ದೂರು ಸೀಮೆಯ ಯಾವ ದಿಕ್ಕಿನ ಯಾವ ಗುಡ್ಡದಲ್ಲಿ ಕಾಡುಹಂದಿ ಇತ್ತೆಂದು ಊರಿನ ಹೆಸರು ಸಮೇತ ಹೇಳುವ ಪ್ರಕೃತಿಯ ದಾಖಲೆಯೂ ಹೌದು.

ಕಾಗದದ ಮೇಲಿನ ಕಲ್ಲು

ಎಲ್ಲ ಶಾಸನಗಳನ್ನೂ ಮ್ಯೂಸಿಯಂಗೆ ಹೊತ್ತು ತರಲಾಗುವುದಿಲ್ಲ. ತರಬೇಕಾಗಿಯೂ ಇಲ್ಲ. 1880ರ ದಶಕದಲ್ಲಿ ಮೈಸೂರು ಸಂಸ್ಥಾನ ಪುರಾತತ್ವ ಇಲಾಖೆಯನ್ನು ತೆರೆದು ಬಿ. ಎಲ್. ರೈಸ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ರೈಸ್ ಮತ್ತು ಅವರ ಪಂಡಿತರು ಊರೂರು ತಿರುಗಿ ಕಲ್ಲಿನ ಪಡಿಯಚ್ಚು ತಂದರು. ಪಡಿಯಚ್ಚು ತೆಗೆಯುವುದು ನೋಡಲು ಸುಲಭ, ಮಾಡಲು ಕಷ್ಟ. ಮೊದಲು ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಅಕ್ಷರದ ಸಂದಿಯ ಮಣ್ಣು, ಪಾಚಿ, ಎಣ್ಣೆ ಜಿಡ್ಡು ಹೋಗಬೇಕು. ಒದ್ದೆ ಕಾಗದ ಹಚ್ಚಿ, ಅದು ಅಕ್ಷರದ ಗುಣಿಯೊಳಕ್ಕೆ ಕೂರುವಂತೆ ಬ್ರಷ್ಷಿನಿಂದ ತಟ್ಟಬೇಕು. ತುಸು ಆರಿದ ಮೇಲೆ ಮಸಿ ಹಚ್ಚಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ಒತ್ತುತ್ತ ಹೋಗಬೇಕು. ಮೇಲ್ಮೈ ಕಪ್ಪಾಗುತ್ತದೆ, ಗುಣಿಯಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಹೆಚ್ಚಾದರೆ ಅಕ್ಷರ ಮುಳುಗುತ್ತದೆ. ಗಾಳಿ ಬಂದರೆ ಕಾಗದ ಹಾರುತ್ತದೆ. ಹೀಗೆ ಸುಮಾರು ಒಂಬತ್ತು ಸಾವಿರ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಲ್ಲಿ ಬಂದವು. ಮೈಸೂರು ಜಿಲ್ಲೆಯ ಮೊದಲ ಭಾಗವಾದ ಮೂರನೆಯ ಸಂಪುಟ 1894ರಲ್ಲಿ ಹೊರಬಂತು. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅದು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಮದ್ದೂರಿಗೂ ಆ ಸಂಪುಟದಲ್ಲಿ ತನ್ನದೇ ಭಾಗ ಇರಲಿಲ್ಲ. ಹೀಗಾಗಿ ಆತಕೂರಿನ ಕಲ್ಲು ಮಂಡ್ಯ ತಾಲ್ಲೂಕಿನ 41ನೆಯ ಶಾಸನವಾಗಿ ಅಚ್ಚಾಯಿತು. ಹಳೆಯ ಪುಸ್ತಕಗಳಲ್ಲಿ ಮದ್ದೂರನ್ನು ಹುಡುಕಿ ಸಿಗದೆ ಬೇಸತ್ತವರು ಮಂಡ್ಯದ ಪುಟ ತಿರುವಿ ನೋಡಬೇಕು.

ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಈ ಸಂಪುಟಗಳನ್ನು ಪರಿಷ್ಕರಿಸಿ, ಹೊಸದಾಗಿ ಸಿಕ್ಕ ಶಾಸನಗಳನ್ನು ಸೇರಿಸಿ ಮತ್ತೆ ತಂದಿತು. 1979ರಲ್ಲಿ ಬಂದ ಏಳನೆಯ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿವೆ. ಈ ದಪ್ಪ ಪುಸ್ತಕ ಕೈಯಲ್ಲಿದ್ದರೆ ತಮ್ಮ ಊರಿನ ಗುಡಿಯ ಮುಂದಿನ ಕಲ್ಲು ಏನು ಹೇಳುತ್ತದೆಂದು ಯಾರು ಬೇಕಾದರೂ ನೋಡಬಹುದು. ಕಾಲೇಜು ಲೈಬ್ರರಿಗಳಲ್ಲಿ ಬೀಗ ಹಾಕಿದ ಕಪಾಟಿನಲ್ಲಿ ಇದು ಕುಳಿತಿರುವುದು ಬೇರೆ ಮಾತು.

ಮಳವಳ್ಳಿಯ ಬಗ್ಗೆ ಒಂದು ಎಚ್ಚರಿಕೆ. ಪ್ರಾಕೃತ ಭಾಷೆಯ, ಕದಂಬರಿಗೂ ಹಿಂದಿನ ಸಾತಕರ್ಣಿಯ ಹೆಸರಿರುವ ಪ್ರಸಿದ್ಧ ಮಳವಳ್ಳಿ ಸ್ತಂಭಶಾಸನ ಮಂಡ್ಯ ಜಿಲ್ಲೆಯದಲ್ಲ. ಅದು ಶಿವಮೊಗ್ಗ ಜಿಲ್ಲೆ ಶಿಕಾರಿಪುರದ ಕಡೆಯ ಮಳವಳ್ಳಿಯದು. ಹೆಸರಿನ ಗೊಂದಲದಿಂದ ಭಾಷಣಗಳಲ್ಲಿ ಇದು ಆಗಾಗ ಇಲ್ಲಿಗೆ ವರ್ಗವಾಗುತ್ತದೆ. ಮಂಡ್ಯದ ಮಳವಳ್ಳಿಗೆ ಹೇಳಿಕೊಳ್ಳಲು ಬೇರೆಯದೇ ಇದೆ. ತಕ್ಕೋಲದ ಸೋಲನ್ನು ಚೋಳರು ಮರೆತಿರಲಿಲ್ಲ. ಸುಮಾರು ಐವತ್ತೈದು ವರ್ಷಗಳ ನಂತರ, 1004ರ ಹೊತ್ತಿಗೆ ಅವರು ತಲಕಾಡನ್ನೇ ಹಿಡಿದರು. ಗಂಗರ ಆಳ್ವಿಕೆ ಮುಗಿಯಿತು. ತಲಕಾಡು ರಾಜರಾಜಪುರವಾಯಿತು. ಮಳವಳ್ಳಿಯ ಪಕ್ಕದ ಮಾರೇಹಳ್ಳಿಯ ನರಸಿಂಹ ದೇವಾಲಯ ಚೋಳರ ಕಾಲದಲ್ಲಿ ರಾಜರಾಜನ ಬಿರುದನ್ನು ಹೊತ್ತು ರಾಜಾಶ್ರಯ ವಿಣ್ಣಗರವೆಂದು ಕರೆಸಿಕೊಂಡಿತು. ಈ ತಾಲ್ಲೂಕಿನ ಕಲ್ಲುಗಳಲ್ಲಿ ತಮಿಳು ಲಿಪಿ ಕಂಡು ಬೆರಗಾಗುವವರಿಗೆ ಉತ್ತರ ಇಲ್ಲಿದೆ. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಚೋಳರನ್ನು ಓಡಿಸಿ 'ತಲಕಾಡುಗೊಂಡ'ನಾಗುವವರೆಗೆ ಹೀಗೇ ನಡೆಯಿತು. ಆತಕೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋದರೆ ಅರ್ಧ ದಿನವೂ ಹಿಡಿಯದು. ಆ ಅಂತರದೊಳಗೇ ಗಂಗರ ಗೆಲುವಿನ ಕಲ್ಲೂ ಚೋಳರ ಸೇಡಿನ ಕಲ್ಲೂ ಇದ್ದವು. ಗೆಲುವಿನ ಕಲ್ಲು ಮಾತ್ರ ಬೆಂಗಳೂರಿಗೆ ಹೋಯಿತು.

ಊರಿಗೋ, ಮ್ಯೂಸಿಯಂಗೋ?

ಕಲ್ಲು ಊರಲ್ಲೇ ಇರಬೇಕೆ, ಮ್ಯೂಸಿಯಂ ಸೇರಬೇಕೆ ಎಂಬ ಪ್ರಶ್ನೆ ಹೊಸತಲ್ಲ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ 1936ರಲ್ಲಿ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದು ಮೈಸೂರು ಸೇರಿತು. ಬಹಳ ವರ್ಷಗಳ ನಂತರ ಊರಿಗೆ ಮಂಟಪವೂ ಅದರೊಳಗೆ ಶಾಸನದ ಪ್ರತಿಕೃತಿಯೂ ಬಂದವು. ಇಂದು ಹಲ್ಮಿಡಿಗೆ ಹೋಗುವವರು ನೋಡುವುದು ನಕಲನ್ನು. ಆದರೂ ಹೋಗುತ್ತಾರೆ.

ಊರಲ್ಲಿ ಉಳಿದ ಕಲ್ಲುಗಳ ಪಾಡು ಎಲ್ಲ ಕಡೆ ಒಂದೇ ರೀತಿ ಇಲ್ಲ. ಗುಡಿಯ ಗೋಡೆಗೆ ಸೇರಿದವು ಬದುಕಿವೆ, ಸುಣ್ಣ ಬಳಿಸಿಕೊಂಡಾದರೂ. ಹೊಲದ ಬದುವಿನಲ್ಲಿದ್ದವು ಟ್ರ್ಯಾಕ್ಟರಿಗೆ ಅಡ್ಡವಾಗಿ ಉರುಳಿವೆ. ಕೆರೆ ತೂಬಿಗೆ, ಮೋರಿಗೆ, ಬಟ್ಟೆ ಒಗೆಯುವ ಕಟ್ಟೆಗೆ ಚಪ್ಪಡಿಯಾದವೂ ಇವೆ. ನಿಧಿಯ ಆಸೆಗೆ ಬುಡ ಅಗೆಸಿಕೊಂಡವೂ ಇವೆ. ಮಾರಮ್ಮನೆಂದೋ ವೀರಪ್ಪನೆಂದೋ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಕಲ್ಲುಗಳೇ ಎಷ್ಟೋ ವಾಸಿ. ಓದಲು ತುಸು ತೊಂದರೆಯಾದರೂ ಯಾರೂ ಅವನ್ನು ಒಡೆಯುವುದಿಲ್ಲ. ಆತಕೂರಿನ ಕಲ್ಲು ಊರಿನಲ್ಲೇ ಇದ್ದಿದ್ದರೆ ಈ ದಾರಿಗಳಲ್ಲಿ ಯಾವುದನ್ನು ಹಿಡಿಯುತ್ತಿತ್ತೋ ಹೇಳಲಾಗದು.

ಇನ್ನೊಂದು ಕಡೆ, ಈ ಕಲ್ಲು ಬೇರೆ ಕಲ್ಲುಗಳಂತಲ್ಲ. ತನ್ನ ಜಾಗ ಯಾವುದೆಂದು ಅದೇ ಹೇಳುತ್ತದೆ. ಚಲ್ಲೇಶ್ವರನ ಮುಂದೆ. ತನಗೆ ಏನು ಸಲ್ಲಬೇಕೆಂದೂ ಹೇಳುತ್ತದೆ. ದಿನದ ಪೂಜೆ. ಅದನ್ನು ಯಾರು ಮಾಡಬೇಕು, ಯಾವ ಗದ್ದೆಯ ಭತ್ತದಿಂದ ಮಾಡಬೇಕು, ಮಾಡದಿದ್ದರೆ ಏನು ಪಾಪ ಎಂಬುದನ್ನೂ ಬಿಟ್ಟಿಲ್ಲ. ಮ್ಯೂಸಿಯಂನಲ್ಲಿ ಕಲ್ಲಿಗೆ ಧೂಳು ಒರೆಸುವ ಸೇವೆಯಷ್ಟೇ. ಗೊರವನ ಜಾಗದಲ್ಲಿ ಕಾವಲುಗಾರನಿದ್ದಾನೆ. ಆತ ಊಟದ ಹೊತ್ತಿಗೆ ಡಬ್ಬಿ ಬಿಚ್ಚುವಾಗ ನಾಯಿಯ ಪಾಪದ ನೆನಪು ಬರಲಾರದು, ಬರಬೇಕೆಂದೂ ಇಲ್ಲ. ಆದರೆ ಕಲ್ಲನ್ನು ಊರಿನಿಂದ ಬಿಡಿಸಿ ತಂದಾಗ ಅದರ ಕೆರೆ, ಮೊರಡಿ, ಗುಡಿ ಮೂರೂ ಅಲ್ಲೇ ಉಳಿದವು ಎಂಬುದನ್ನು ನೋಡುಗನಿಗೆ ಯಾರಾದರೂ ಹೇಳಬೇಕು. ನಮ್ಮ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಕಾಣುವ, ರಾಜವಂಶ ಮತ್ತು ಶತಮಾನವನ್ನಷ್ಟೇ ಹೇಳುವ ಎರಡು ಸಾಲಿನ ಫಲಕಗಳಿಂದ ಆ ಕೆಲಸ ಆಗದು.

ಈಚೆಗೆ ಹೊಸ ದಾರಿಯೊಂದು ತೆರೆದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ಸೆರೆಹಿಡಿಯುವ ಕೆಲಸ ಕೈಗೊಂಡಿತು. ಸವೆದ ಅಕ್ಷರದ ಆಳವನ್ನು ಕಂಪ್ಯೂಟರಿನಲ್ಲಿ ಕಣ್ಣಿಗಿಂತ ಚೆನ್ನಾಗಿ ನೋಡಬಹುದು. ಕಲ್ಲನ್ನು ಮುಟ್ಟುವುದೂ ಬೇಡ, ಮಸಿಯೂ ಬೇಡ. ಅದೇ ಅಳತೆಯಿಂದ ಹೊಸ ಕಲ್ಲಿನಲ್ಲಿ ಕಡೆದು ಊರಿಗೆ ಮರಳಿಸಲೂ ಬಹುದು. ಕಳ, ಕಳ್ಳಗಳ ನಡುವೆ ವಿದ್ವಾಂಸರು ಪಟ್ಟ ಪಾಡು ಮುಂದಿನವರಿಗೆ ಕಡಿಮೆಯಾದೀತು.

ಮೊರಡಿಯ ಹಂದಿ

ಕಾಳಿ ಯಾವ ತಳಿಯ ನಾಯಿ? ಮುಧೋಳದ ನಾಯಿಗಳ ಪೂರ್ವಜರೇ ಎಂದು ಕೇಳುವವರುಂಟು. ಕಲ್ಲು ತಳಿಯನ್ನು ಹೇಳುವುದಿಲ್ಲ. ಹೆಸರಿನಿಂದ ಕಪ್ಪು ನಾಯಿ ಎಂದು ಊಹಿಸಬಹುದು, ಅಷ್ಟೆ. ಕಾಡುಹಂದಿಯ ಬೇಟೆ ಆಟವಾಗಿರಲಿಲ್ಲ ಎಂಬುದನ್ನು ಮಾತ್ರ ಚಿತ್ರ ಸ್ಪಷ್ಟವಾಗಿ ಹೇಳುತ್ತದೆ. ಬೆಳೆದ ಗಂಡುಹಂದಿಯ ಕೋರೆ ಒಂದೇ ಸೀಳಿಗೆ ನಾಯಿಯ ಹೊಟ್ಟೆ ಬಗೆಯಬಲ್ಲದು. ಅದನ್ನು ಒಂಟಿಯಾಗಿ ತಡೆದು ಕೊಂದ ನಾಯಿ ಸಾಮಾನ್ಯದ್ದಲ್ಲ. ಹಂದಿಗೂ ಆ ಕಲ್ಲಿನ ಮೇಲೆ ಸಮನಾದ ಜಾಗ ಕೊಟ್ಟ ಶಿಲ್ಪಿ ಎದುರಾಳಿಯ ಮರ್ಯಾದೆ ಬಲ್ಲವನು.

ಸಾವಿರ ವರ್ಷಗಳಲ್ಲಿ ಈ ಸೀಮೆ ಬಹಳ ಬದಲಾಗಿದೆ. ಅಂದು ಹಿರಿಯ ಕೆರೆಯ ಕೆಳಗಷ್ಟೇ ಗದ್ದೆ, ಅದರಾಚೆ ಮೊರಡಿ, ಪೊದೆ, ಬೇಟೆಯ ಕಾಡು. ಕನ್ನಂಬಾಡಿ ಕಟ್ಟೆ ಬಂತು, ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಹಾದಿಯ ಎರಡೂ ಬದಿಗೆ ಕಬ್ಬು ನಿಂತಿತು. ಕಾಡು ಹೋದರೂ ಕಾಡಿನ ಪ್ರಾಣಿಗಳೆಲ್ಲ ಹೋಗಲಿಲ್ಲ. ಇದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತ ಬಂದಿವೆ. ಊರವರು ಅವನ್ನು ಓಡಿಸಲಿಲ್ಲ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಚಿರತೆಗಳು ಕಬ್ಬಿನ ಗದ್ದೆಯಲ್ಲಿ ಮರಿ ಹಾಕುತ್ತವೆ. ಕಟಾವಿನ ಕೂಲಿಯವರು ಮೊದಲು ಗದ್ದಲ ಮಾಡಿ ಆಮೇಲೆ ಗದ್ದೆಗಿಳಿಯುವುದನ್ನು ಕಲಿತಿದ್ದಾರೆ.

ಹಂದಿಯೂ ಉಳಿದಿದೆ. ಮಣಲೇರನ ಕಾಲದಲ್ಲಿ ಒಂದು ಹಂದಿಯ ಸಾವು ಶಾಸನಕ್ಕೆ ವಿಷಯವಾಯಿತು. ಈಗ ರಾತ್ರೋರಾತ್ರಿ ಕಬ್ಬು, ಜೋಳ, ನೆಲಗಡಲೆ ಬುಡಮೇಲು ಮಾಡಿ ಹೋದ ಹಂದಿಗಳ ಲೆಕ್ಕ ಬೆಳೆ ಪರಿಹಾರದ ಅರ್ಜಿಗಳಲ್ಲಿ ಸೇರುತ್ತದೆ. ರೈತರು ಟಾರ್ಚು ಹಿಡಿದು, ಡಬ್ಬ ಬಡಿದು ಗದ್ದೆ ಕಾಯುತ್ತಾರೆ. ಅವರ ಕಾಲ ಬಳಿ ಮುದುರಿ ಮಲಗಿ, ಪೊದೆಯಲ್ಲಿ ಸದ್ದಾದೊಡನೆ ಕಿವಿ ನಿಮಿರಿಸುವ ಊರನಾಯಿಗೂ ಹಲವು ಕಡೆ ಇಂದಿಗೂ ಅದೇ ಹೆಸರು: ಕಾಳಿ, ಕರಿಯ, ಕಾಳ.